ತೆಗೆದುಕೊಳ್ಳದಿದ್ದದ್ದು ಸರ್ವರೋ, ಕೊಡದಿದ್ದದ್ದು ನಮ್ಮ ಕಂಪ್ಯೂಟರೋ: ಉಳಿಸಿಟ್ಟ ಪಾಸ್‌ವರ್ಡಿನ ಒಂದು ಪ್ರಕರಣ

ಕಾಸರಗೋಡು ಪೇಟೆಯ ಒಂದು ಲೆಕ್ಕಪರಿಶೋಧನಾ ಕಚೇರಿಯ ಕಂಪ್ಯೂಟರುಗಳ ಉಸ್ತುವಾರಿ ಕೆಲವು ವರ್ಷಗಳಿಂದ ನನ್ನದು. ಅಲ್ಲಿನ ಸಿಬ್ಬಂದಿ ದಿನದ ಅರ್ಧ ಕೆಲಸವನ್ನು ತಮ್ಮ ಕಂಪ್ಯೂಟರಿನಲ್ಲಿ ಮಾಡುವುದಿಲ್ಲ, ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಂದಲೇ ತೆರೆದು ಬಳಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ವ್ಯಾಪಾರಿಗಳ ಸರ್ವರ್‌ಗಳಿಗೆ ಹೋಗಿ ಅಲ್ಲಿರುವ ಲೆಕ್ಕದ ತಂತ್ರಾಂಶದಲ್ಲಿಯೇ ಮಾಡುತ್ತಾರೆ. ಹೀಗೆ ಹೋಗುವ ಜಾಗಗಳು ಮೂರು: ಬದಿಯಡ್ಕದ ಒಂದು ಅಡಿಕೆ ಮಂಡಿ, ಉಪ್ಪಳದ ಒಂದು ಸಗಟು ಅಂಗಡಿ, ತಲಪಾಡಿ ಗಡಿಯ ಆಚೆ ಮಂಗಳೂರು ಬದಿಯಲ್ಲಿರುವ ಒಂದು ಗೋದಾಮು. ಮೊದಲಿನ ಎರಡರ ಜಿಎಸ್‌ಟಿ ಸಂಖ್ಯೆ ಕೇರಳದ 32ರಿಂದ ಆರಂಭವಾಗುತ್ತದೆ, ಮೂರನೆಯದ್ದು ಕರ್ನಾಟಕದ 29ರಿಂದ. ಸರ್ವರ್ ಯಾವ ರಾಜ್ಯದಲ್ಲಿದ್ದರೂ ತಿಂಗಳ 11ನೇ ತಾರೀಕಿಗೆ ಮಾರಾಟದ ವಿವರ ತಿಳಿಸುವ ಜಿಎಸ್‌ಟಿಆರ್-1 ಹೋಗಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಈ ಪ್ರಕರಣ ನಡೆದದ್ದು ಜುಲೈ ತಿಂಗಳ ಮೊದಲ ವಾರದಲ್ಲಿ, ಅಂದರೆ ಆ ತಾರೀಕಿನ ಹೊಸ್ತಿಲಲ್ಲಿ.

ಕಚೇರಿಯ ಕಂಪ್ಯೂಟರುಗಳು ಅಲ್ಲಿಯವರೆಗೆ ವರ್ಕ್‌ಗ್ರೂಪ್‌ನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದವು. ಹೊಸದಾಗಿ ಕೊಂಡ ವಿಂಡೋಸ್ ಸರ್ವರ್ 2022ರಲ್ಲಿ ಖಾತೆಗಳನ್ನೂ ನಿಯಮಗಳನ್ನೂ ಒಂದೇ ಕಡೆಯಿಂದ ನಡೆಸುವ ಡೊಮೇನ್ ಸ್ಥಾಪಿಸಿ, ಒಂದು ಭಾನುವಾರ ಕುಳಿತು, ಎಲ್ಲ ಕಂಪ್ಯೂಟರುಗಳನ್ನೂ ಅದಕ್ಕೆ ಸೇರಿಸಿದವನು ನಾನೇ. ಆದುದರಿಂದ ಮುಂದೆ ಹೇಳುವ ತೊಂದರೆಯನ್ನು ಹುಟ್ಟಿಸಿದವನೂ ನಾನೇ ಎಂದು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ವ್ಯಾಪಾರಿಗಳ ಮೂರು ಸರ್ವರ್‌ಗಳಲ್ಲಿ ಯಾವುದಕ್ಕೂ ಡೊಮೇನ್ ಇರಲಿಲ್ಲ. ಅವುಗಳನ್ನು ವಿಪಿಎನ್ ಎಂಬ ಖಾಸಗಿ ಸಂಪರ್ಕದ ಮೂಲಕ ತಲುಪಿ, ಕಂಪ್ಯೂಟರಿನ ಹೆಸರಿನ ಬದಲು ಅಂಕಿಗಳ ಐಪಿ ವಿಳಾಸವನ್ನೇ ಬರೆದು ಸಂಪರ್ಕಿಸುವುದು ಮೊದಲಿನಿಂದ ಬಂದ ರೂಢಿ. ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಡಲು ನಾನು ಯಾರಿಗೂ ಒಪ್ಪಿಗೆ ಕೊಟ್ಟವನಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಯ ಹಿರಿಯ ಅಕೌಂಟೆಂಟ್ ಫೋನ್ ಮಾಡಿದರು. ನಾನು ಅಕ್ಕ ಎಂದೇ ಕರೆಯುವ ಅವರು ಕಂಪ್ಯೂಟರಿನ ವಿಷಯದಲ್ಲಿ ಸುಮ್ಮನೆ ದೂರು ಹೇಳುವವರಲ್ಲ. ಬದಿಯಡ್ಕದ ಸರ್ವರಿಗೆ ಉಳಿಸಿಟ್ಟಿದ್ದ ಪಾಸ್‌ವರ್ಡ್ ಮಾಯವಾಗಿದೆ, ಡೆಸ್ಕ್‌ಟಾಪಿನಲ್ಲಿದ್ದ ಸಂಪರ್ಕದ ಕಡತವೂ ಕಾಣುವುದಿಲ್ಲ ಎಂದರು. ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಡೊಮೇನಿಗೆ ಸೇರಿದ ಮೇಲೆ ಅವರು ಹಳೆಯ ಸ್ಥಳೀಯ ಖಾತೆಯಲ್ಲಿ ಲಾಗಿನ್ ಆಗುವುದಿಲ್ಲ, ಡೊಮೇನಿನ ಹೊಸ ಖಾತೆಯಲ್ಲಿ ಆಗುತ್ತಾರೆ. ಆ ಖಾತೆಗೆ ವಿಂಡೋಸ್ ಹೊಸದೊಂದು ಪ್ರೊಫೈಲನ್ನು ಮಾಡಿಕೊಡುತ್ತದೆ. ಹಳೆಯ ಡೆಸ್ಕ್‌ಟಾಪ್, ಹಳೆಯ ಡಾಕ್ಯುಮೆಂಟ್ಸ್ ಎಲ್ಲವೂ ಅದೇ ಯಂತ್ರದಲ್ಲಿ ಹಳೆಯ ಪ್ರೊಫೈಲಿನ ಒಳಗೆ ಹಾಗೆಯೇ ಇರುತ್ತವೆ. ಅಲ್ಲಿಂದ ಕಡತವನ್ನು ತಂದುಕೊಡಬಹುದು, ಆದರೆ ಪಾಸ್‌ವರ್ಡನ್ನು ಹಾಗೆ ತರಲಾಗುವುದಿಲ್ಲ.

ಕಾರಣವೇನೆಂದರೆ, ರಿಮೋಟ್ ಡೆಸ್ಕ್‌ಟಾಪಿನ ಆರ್‌ಡಿಪಿ ಕಡತ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಸಾದಾ ಪಠ್ಯ. ಅದರಲ್ಲಿ ಸರ್ವರಿನ ವಿಳಾಸ, ಬಳಕೆದಾರರ ಹೆಸರು, ಪರದೆಯ ಅಳತೆ ಮುಂತಾದವು ಇರುತ್ತವೆ. ‘ನನ್ನ ವಿವರ ಉಳಿಸು’ ಎಂಬ ಚೌಕಕ್ಕೆ ಗುರುತು ಹಾಕಿದಾಗ ಪಾಸ್‌ವರ್ಡ್ ಹೋಗಿ ಕೂರುವುದು ಬೇರೆ ಕಡೆ, ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ, ‘ಟಿಇಆರ್‌ಎಂಎಸ್‌ಆರ್‌ವಿ’ ಎಂಬ ಅಕ್ಷರಗಳ ಮುಂದೆ ಒಂದು ಓರೆಗೆರೆ ಹಾಕಿ ಸರ್ವರಿನ ವಿಳಾಸ ಬರೆದ ಒಂದು ನಮೂದಾಗಿ. ಆ ನಮೂದು ಆಯಾ ಬಳಕೆದಾರರ ಖಾತೆಗೇ ಸೇರಿದ ಕೀಲಿಯಿಂದ ಗೂಢಲಿಪಿಯಾಗಿರುತ್ತದೆ. ಆದ್ದರಿಂದ ಆರ್‌ಡಿಪಿ ಕಡತವನ್ನು ಪೆನ್‌ಡ್ರೈವಿನಲ್ಲಿ ಇನ್ನೊಬ್ಬರಿಗೆ ಕೊಟ್ಟರೆ ವಿಳಾಸ ಹೋಗುತ್ತದೆ, ಪಾಸ್‌ವರ್ಡ್ ಹೋಗುವುದಿಲ್ಲ. ವಿಳಾಸವನ್ನು ಹೇಗೆ ಬರೆದಿದ್ದೇವೋ ಆ ರೂಪಕ್ಕೇ ನಮೂದು ಅಂಟಿಕೊಂಡಿರುತ್ತದೆ ಎಂಬುದೂ ಗಮನಿಸತಕ್ಕದ್ದು. ಐಪಿ ವಿಳಾಸದ ಹೆಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಅದೇ ಸರ್ವರನ್ನು ಕಂಪ್ಯೂಟರಿನ ಹೆಸರಿನಿಂದ ಕರೆದಾಗ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟನ್ನು ಅಕ್ಕನಿಗೆ ವಿವರಿಸಿ, ಒಮ್ಮೆ ಪಾಸ್‌ವರ್ಡ್ ಹಾಕಿ ಪುನಃ ಉಳಿಸಿ, ನಾಳೆಯಿಂದ ಕೇಳುವುದಿಲ್ಲ ಎಂದೆ. ನನ್ನ ಮಾತು ಒಂದು ದಿನವೂ ಉಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನದೊಳಗೆ ನಾಲ್ಕು ಜನರಿಂದ ಒಂದೇ ದೂರು ಬಂತು: ಉಳಿಸಿಟ್ಟರೂ ಪಾಸ್‌ವರ್ಡನ್ನು ಪುನಃ ಕೇಳುತ್ತದೆ. ದೂರಿನ ಭಾಷೆ ಮಾತ್ರ ಮೂರು. ಅಕ್ಕ ಕನ್ನಡದಲ್ಲಿ ‘ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ’ ಎಂದರು. ತರಬೇತಿಗೆ ಬಂದ ಹುಡುಗ ಮಲಯಾಳದಲ್ಲಿ ‘ಎಡುಕ್ಕುನ್ನಿಲ್ಲ’ ಎಂದ. ತುಳು ಮನೆಮಾತಿನ ಇನ್ನೊಬ್ಬರು ‘ದೆತೊನುಜಿ’ ಎಂದರು. ನಮ್ಮೂರಿನ ಮೂರೂ ಭಾಷೆಗಳಲ್ಲಿ ಕ್ರಿಯಾಪದ ಒಂದೇ, ತೆಗೆದುಕೊಳ್ಳುವುದು. ಮೂವರೂ ಹೀಗೆ ಹೇಳಿದ್ದರಿಂದ ತೆಗೆದುಕೊಳ್ಳಬೇಕಾದ ಸರ್ವರಿನಲ್ಲಿಯೇ ದೋಷವಿದೆ ಎಂದು ನಾನೂ ನಂಬಿಬಿಟ್ಟೆ. ಈಗ ಹಿಂದಿರುಗಿ ನೋಡಿದರೆ, ಒಂದೂವರೆ ದಿನ ದಂಡವಾದದ್ದು ಈ ಒಂದು ಪದವನ್ನು ನಾನು ಪರೀಕ್ಷಿಸದೆ ಒಪ್ಪಿಕೊಂಡದ್ದರಿಂದ.

ನಂಬಿದ ಮೇಲೆ ಮಾಡಿದ್ದೆಲ್ಲ ಅದಕ್ಕೆ ತಕ್ಕಂತೆಯೇ ಆಯಿತು. ಬದಿಯಡ್ಕದ ಮಂಡಿಯವರಿಗೆ ಫೋನ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿದ್ದೀರಾ ಎಂದು ಕೇಳಿದೆ. ಇಲ್ಲವೆಂದರು. ವಿಂಡೋಸಿನಲ್ಲಿ ಪಾಸ್‌ವರ್ಡಿನ ವಾಯಿದೆ ಮೊದಲಿಗೇ 42 ದಿನ ಎಂದು ಇರುವುದರಿಂದ ಅದು ಮುಗಿದಿರಬಹುದೇ ಎಂದು ನೋಡಿದೆ. ಆ ಖಾತೆಗೆ ವಾಯಿದೆಯೇ ಇಲ್ಲದಂತೆ ಹಿಂದೆಯೇ ಮಾಡಿಟ್ಟಿದ್ದರು. ಅಷ್ಟರಲ್ಲಿ ತರಬೇತಿಯ ಹುಡುಗ ತನ್ನ ಉತ್ಸಾಹದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬದಲಾಯಿಸಿ ಐದಾರು ಸಲ ಪಾಸ್‌ವರ್ಡ್ ಹೊಡೆದು ನೋಡಿದ್ದರಿಂದ ಖಾತೆಯೇ ಸ್ವಲ್ಪ ಹೊತ್ತು ಬೀಗ ಹಾಕಿಕೊಂಡಿತು, ಎಲ್ಲರಿಗೂ ಬಾಗಿಲು ಮುಚ್ಚಿತು. ಈಗ ನಿಜವಾಗಿಯೂ ಸರ್ವರ್ ತೆಗೆದುಕೊಳ್ಳದ ಸ್ಥಿತಿ ಬಂದು, ನನ್ನ ತಪ್ಪು ನಂಬಿಕೆಗೆ ತಪ್ಪು ಸಾಕ್ಷಿಯೂ ಸಿಕ್ಕಿದಂತಾಯಿತು.

ದಾರಿ ಸಿಕ್ಕಿದ್ದು ಆ ಸರ್ವರಿನ ಭದ್ರತಾ ದಾಖಲೆಯನ್ನು ತೆರೆದಾಗ. ವಿಂಡೋಸಿನಲ್ಲಿ ವಿಫಲವಾದ ಪ್ರತಿಯೊಂದು ಲಾಗಿನ್ 4625 ಎಂಬ ಸಂಖ್ಯೆಯಡಿ ದಾಖಲಾಗುತ್ತದೆ, ಕಾರಣದ ಸಂಕೇತವೂ ಜೊತೆಗಿರುತ್ತದೆ. ಹುಡುಗ ತಪ್ಪಾಗಿ ಹೊಡೆದ ಪಾಸ್‌ವರ್ಡುಗಳೆಲ್ಲ ಗಂಟೆ, ನಿಮಿಷ ಸಮೇತ ಅಲ್ಲಿದ್ದವು. ಆದರೆ ಅಕ್ಕ ಬೆಳಿಗ್ಗೆ ಉಳಿಸಿಟ್ಟ ಪಾಸ್‌ವರ್ಡಿನಿಂದ ನಾಲ್ಕು ಸಲ ಪ್ರಯತ್ನಿಸಿ ಸೋತದ್ದರ ಒಂದೇ ಒಂದು ದಾಖಲೆ ಇರಲಿಲ್ಲ. ತಪ್ಪು ಪಾಸ್‌ವರ್ಡ್ ಬಂತೆಂಬ ದೂರು ಸರ್ವರಿನ ಬದಿಯಿಂದ ಹುಟ್ಟಿಯೇ ಇರಲಿಲ್ಲ. ಹಾಗಾದರೆ ಅವರನ್ನು ತಡೆದವರು ಯಾರು?

ಅಕ್ಕನಿಗೆ ಪುನಃ ಫೋನ್ ಮಾಡಿ, ಪರದೆಯ ಮೇಲೆ ಏನು ಬರೆದಿದೆಯೋ ಅದರ ಫೋಟೋ ತೆಗೆದು ಕಳುಹಿಸಲು ಹೇಳಿದೆ. ‘ಬರೆದದ್ದು ಏನಿದ್ದರೂ ಕೊನೆಗೆ ಕೇಳುವುದು ಪಾಸ್‌ವರ್ಡೇ ಅಲ್ವಾ ಮಾರಾಯ್ರೇ’ ಎಂದರು, ಆದರೂ ಕಳುಹಿಸಿದರು. ಪಾಸ್‌ವರ್ಡ್ ತಪ್ಪು ಎಂಬ ವಾಕ್ಯ ಅದರಲ್ಲಿ ಇರಲಿಲ್ಲ. ಸಂಪರ್ಕಿಸುತ್ತಿರುವ ದೂರದ ಕಂಪ್ಯೂಟರಿನ ಗುರುತು ಪೂರ್ಣವಾಗಿ ದೃಢಪಡದ ಕಾರಣ, ಉಳಿಸಿಟ್ಟ ವಿವರಗಳನ್ನು ಅಲ್ಲಿ ಬಳಸಲು ನಿಮ್ಮ ವ್ಯವಸ್ಥಾಪಕರು ಅನುಮತಿ ನೀಡಿಲ್ಲ, ಹೊಸದಾಗಿ ವಿವರ ಕೊಡಿ ಎಂಬುದು ಅದರ ತಾತ್ಪರ್ಯ. ವ್ಯವಸ್ಥಾಪಕ ಎಂದರೆ ನಾನು. ಅನುಮತಿ ನಿರಾಕರಿಸಿದ ನೆನಪು ನನಗಿಲ್ಲ. ಆದರೆ ಈ ಸಂದೇಶ ಕಂಡೊಡನೆ ಒಂದು ವಿಷಯ ಸ್ಪಷ್ಟವಾಯಿತು: ಉಳಿಸಿಟ್ಟ ಪಾಸ್‌ವರ್ಡ್ ಭದ್ರವಾಗಿ ಇದ್ದಲ್ಲೇ ಇದೆ, ಸರಿಯೂ ಇದೆ, ಅದನ್ನು ಹೊರಗೆ ಕೊಡಲು ನಮ್ಮದೇ ಕಂಪ್ಯೂಟರ್ ಒಪ್ಪುತ್ತಿಲ್ಲ. ಅದೇ ಪಾಸ್‌ವರ್ಡನ್ನು ಕೈಯಿಂದ ಬರೆದಾಗ ಒಳಗೆ ಹೋಗಲು ಸಾಧ್ಯವಾಗುತ್ತಿದ್ದುದು ಇದಕ್ಕೆ ಪುರಾವೆ.

ಒಪ್ಪದಿರಲು ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಪರಿಹಾರ ತಿಳಿದವರು ಬಹಳ ಮಂದಿ, ಕಾರಣ ಕೇಳಿದರೆ ಸುಮ್ಮನಾಗುತ್ತಾರೆ. ವಿಂಡೋಸ್ ವಿಸ್ಟಾ ಕಾಲದಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ದೂರದ ಪರದೆ ತೆರೆಯುವ ಮೊದಲೇ ಬಳಕೆದಾರರ ಗುರುತು ನಡೆಯುತ್ತದೆ. ಕ್ರೆಡ್‌ಎಸ್‌ಎಸ್‌ಪಿ ಎಂಬ ವ್ಯವಸ್ಥೆ ನಮ್ಮ ಹೆಸರು ಮತ್ತು ಪಾಸ್‌ವರ್ಡನ್ನು ಸರ್ವರಿಗೆ ವಹಿಸಿಕೊಡುತ್ತದೆ. ವಹಿಸಿಕೊಡುವುದೆಂದರೆ ಸಣ್ಣ ಮಾತಲ್ಲ. ಎದುರಿನ ಯಂತ್ರ ಮೋಸದ್ದಾಗಿದ್ದರೆ ಪಾಸ್‌ವರ್ಡ್ ಅದರ ಕೈಸೇರಿತು ಎಂದೇ ಲೆಕ್ಕ. ಆದ್ದರಿಂದ ಎದುರಿನ ಸರ್ವರ್ ತಾನು ಯಾರೆಂದು ಸಾಬೀತುಪಡಿಸಿದೆಯೇ ಎಂದು ನಮ್ಮ ಕಂಪ್ಯೂಟರ್ ನೋಡುತ್ತದೆ. ಸಾಬೀತುಪಡಿಸುವ ಬಲವಾದ ದಾರಿಗಳು ಎರಡು. ಎರಡೂ ಯಂತ್ರಗಳು ನಂಬುವ ಡೊಮೇನ್ ಇದ್ದರೆ ಅದರ ಮೂಲಕ ಗುರುತು ಖಾತ್ರಿಪಡಿಸುವ ಕರ್ಬರೋಸ್, ಅಥವಾ ನಮ್ಮ ಕಂಪ್ಯೂಟರ್ ನಂಬುವ ಪ್ರಾಧಿಕಾರ ನೀಡಿದ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಉಳಿಯುವುದು ಎನ್‌ಟಿಎಲ್‌ಎಂ ಎಂಬ ಹಳೆಯ ಪದ್ಧತಿ. ಅದರಲ್ಲಿ ನಾವು ಯಾರೆಂದು ಸರ್ವರಿಗೆ ತಿಳಿಯುತ್ತದೆ, ಸರ್ವರ್ ಯಾರೆಂದು ನಮಗೆ ಖಾತ್ರಿಯಾಗುವುದಿಲ್ಲ. ಬದಿಯಡ್ಕದ ಸರ್ವರ್ ಡೊಮೇನಿನಲ್ಲಿಲ್ಲ, ತಾನೇ ಬರೆದುಕೊಂಡ ಪ್ರಮಾಣಪತ್ರ ಅದರದ್ದು, ನಾವು ಕರೆಯುವುದು ಐಪಿ ವಿಳಾಸದಿಂದ. ಹೀಗಾಗಿ ಎನ್‌ಟಿಎಲ್‌ಎಂ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಆದರೆ ಭಾನುವಾರದ ಮೊದಲೂ ಇದೇ ಸ್ಥಿತಿ ಇತ್ತಲ್ಲ, ಆಗ ಹೇಗೆ ನಡೆಯುತ್ತಿತ್ತು? ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ಎನ್‌ಟಿಎಲ್‌ಎಂ ಮಾತ್ರ ಇರುವ ಸರ್ವರಿಗೆ ಉಳಿಸಿಟ್ಟ ಪಾಸ್‌ವರ್ಡ್ ಕೊಡಬಹುದೇ ಎಂಬ ಪ್ರಶ್ನೆಗೆ ವಿಂಡೋಸ್ ಎರಡು ಬಗೆಯ ಉತ್ತರ ಇಟ್ಟುಕೊಂಡಿದೆ. ನಮ್ಮ ಕಂಪ್ಯೂಟರ್ ಯಾವ ಡೊಮೇನಿಗೂ ಸೇರಿರದಿದ್ದರೆ ಕೊಡಬಹುದು. ಡೊಮೇನಿಗೆ ಸೇರಿದ್ದರೆ, ಬೇರೆ ಆದೇಶವಿಲ್ಲದೆ ಯಾರಿಗೂ ಕೊಡಕೂಡದು. ಮನೆಯ ಕಂಪ್ಯೂಟರಿಗೆ ಒಂದು ನಿಯಮ, ಸಂಸ್ಥೆಯ ಕಂಪ್ಯೂಟರಿಗೆ ಅದಕ್ಕಿಂತ ಬಿಗಿಯಾದ ನಿಯಮ ಎಂಬ ಈ ಭೇದದಲ್ಲಿ ತರ್ಕವಿದೆ. ನಾನು ಡೊಮೇನಿಗೆ ಸೇರಿಸಿದ ಕ್ಷಣದಲ್ಲಿ ಆ ಕಂಪ್ಯೂಟರುಗಳೆಲ್ಲ ಸದ್ದಿಲ್ಲದೆ ಬಿಗಿ ನಿಯಮದ ಅಡಿಗೆ ಬಂದವು. ಸಂಪರ್ಕಿಸುವ ಹೊತ್ತಿನಲ್ಲಿ ಕೈಯಿಂದ ಬರೆದ ಪಾಸ್‌ವರ್ಡಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ, ಏಕೆಂದರೆ ಅದನ್ನು ಕೊಡುವ ತೀರ್ಮಾನ ಮನುಷ್ಯ ಆ ಕ್ಷಣದಲ್ಲಿ ತಾನೇ ಮಾಡಿದ್ದು.

ಇದೇ ಬಗೆಯ ದೂರಿಗೆ ಬೇರೆ ಕಾರಣಗಳೂ ಇರುವುದರಿಂದ ಅವನ್ನೂ ಬೇಗನೆ ನೋಡಿ ಬದಿಗಿಟ್ಟೆ. ವಿಂಡೋಸ್ 11ರ 22ಎಚ್‌2 ಆವೃತ್ತಿಯ ನಂತರ, ಯೋಗ್ಯ ಯಂತ್ರಾಂಶವಿರುವ ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಕಂಪ್ಯೂಟರುಗಳಲ್ಲಿ ಲಾಗಿನ್ ವಿವರಗಳನ್ನು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿಯೇ ಚಾಲೂ ಆಗುತ್ತದೆ. ಅದೂ ಉಳಿಸಿಟ್ಟ ಪಾಸ್‌ವರ್ಡನ್ನು ತಡೆಯುತ್ತದೆ, ಆದರೆ ಸಂದೇಶದಲ್ಲಿ ತನ್ನ ಹೆಸರನ್ನೇ ಹೇಳುತ್ತದೆ. ಕಚೇರಿಯಲ್ಲಿರುವುದು ಪ್ರೊ ಆವೃತ್ತಿ. ಸಿಸ್ಟಮ್ ಇನ್ಫರ್ಮೇಶನ್ ಪರದೆಯಲ್ಲೂ ಅದು ಚಾಲ್ತಿಯಲ್ಲಿರಲಿಲ್ಲ. 2018ರ ಮೇ ತಿಂಗಳ ಪರಿಷ್ಕರಣೆಯಿಂದ ಹಲವರನ್ನು ಕಾಡಿದ ಕ್ರೆಡ್‌ಎಸ್‌ಎಸ್‌ಪಿ ದೋಷದ ಸಂದೇಶ ಪೂರ್ತಿ ಬೇರೆ, ಅಲ್ಲಿ ಪಾಸ್‌ವರ್ಡ್ ಬರೆದರೂ ಒಳಗೆ ಬಿಡುವುದಿಲ್ಲ.

ಕಾರಣ ಗೊತ್ತಾದ ಮೇಲೆ ಪರಿಹಾರ ಹತ್ತು ನಿಮಿಷದ ಕೆಲಸವಾಗಬೇಕಿತ್ತು. ಅಲ್ಲಿಯೂ ನಾನು ಒಮ್ಮೆ ಎಡವಿದೆ. ಕಂಪ್ಯೂಟರುಗಳಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್ ಎಂದು ಇಳಿದು ಹೋದರೆ ಕ್ರೆಡೆನ್ಶಿಯಲ್ಸ್ ಡೆಲಿಗೇಶನ್ ಎಂಬ ವಿಭಾಗ ಸಿಗುತ್ತದೆ. ಅಲ್ಲಿ ಉಳಿಸಿಟ್ಟ ವಿವರಗಳನ್ನು ವಹಿಸಿಕೊಡಲು ಅನುಮತಿಸುವ ನಿಯಮಗಳು ಎರಡಿವೆ, ಅವುಗಳ ಹೆಸರು ಅವಳಿ ಮಕ್ಕಳ ಹೆಸರಿನಂತೆ. ಒಂದು, ಸರ್ವರ್ ತನ್ನ ಗುರುತನ್ನು ಕರ್ಬರೋಸ್ ಅಥವಾ ನಂಬತಕ್ಕ ಪ್ರಮಾಣಪತ್ರದಿಂದ ಸಾಬೀತುಪಡಿಸಿದಾಗ ಅನ್ವಯಿಸುವಂಥದ್ದು. ಇನ್ನೊಂದರ ಹೆಸರಿನ ಬಾಲದಲ್ಲಿ ಎನ್‌ಟಿಎಲ್‌ಎಂ ಮಾತ್ರ ಇರುವ ಸರ್ವರ್ ಎಂಬ ಮಾತು ಸೇರಿದೆ. ನಾನು ಅವಸರದಲ್ಲಿ ಮೊದಲನೆಯದ್ದನ್ನು ಚಾಲೂ ಮಾಡಿ, ಕಂಪ್ಯೂಟರನ್ನು ಎರಡು ಸಲ ಮರುಚಾಲನೆ ಮಾಡಿ, ಏನೂ ಬದಲಾಗದ್ದನ್ನು ಕಂಡು ಬೇಸರಪಟ್ಟು, ಚಹಾ ಕುಡಿದು ಬಂದ ಮೇಲೆ ಬಾಲವನ್ನು ಓದಿದೆ.

ಸರಿಯಾದ ನಿಯಮವನ್ನು ಚಾಲೂ ಮಾಡಿ, ಅದರ ಪಟ್ಟಿಯಲ್ಲಿ ಸರ್ವರಿನ ವಿಳಾಸವನ್ನು ಬರಿದೇ ಬರೆಯದೆ ‘ಟಿಇಆರ್‌ಎಂಎಸ್‌ಆರ್‌ವಿ/’ ಎಂಬ ಮೊದಲಕ್ಷರಗಳೊಂದಿಗೆ, ಸಿಬ್ಬಂದಿ ಸಂಪರ್ಕದ ಕಿಟಕಿಯಲ್ಲಿ ಬರೆಯುವ ರೂಪದಲ್ಲಿಯೇ ಸೇರಿಸಬೇಕು. ಮೊದಲು ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಮಾಡಿ, ನಿಯಮ ಕೂಡಲೇ ಜಾರಿಗೆ ಬರಲೆಂದು ಕಮಾಂಡ್ ಪರದೆಯಲ್ಲಿ ‘ಜಿಪಿಅಪ್‌ಡೇಟ್ /ಫೋರ್ಸ್’ ಓಡಿಸಿದೆ. ನಡುವೆ ಹಲವು ಸಲ ಉಳಿಸಿ ಅಳಿಸಿದ ಗೊಂದಲ ಉಳಿಯಬಾರದೆಂದು ಹಳೆಯ ನಮೂದನ್ನು ಕ್ರೆಡೆನ್ಶಿಯಲ್ ಮ್ಯಾನೇಜರಿನಿಂದ ತೆಗೆದು, ಬಳಕೆದಾರರ ಹೆಸರಿನ ಹಿಂದೆ ಸರ್ವರಿನ ಹೆಸರನ್ನೂ ಹಿಂದಕ್ಕೆ ವಾಲಿದ ಓರೆಗೆರೆಯನ್ನೂ (\) ಹಾಕಿ ಹೊಸದಾಗಿ ಉಳಿಸಿದೆ. ಹೀಗೆ ಬರೆದರೆ ಆ ಖಾತೆ ನಮ್ಮ ಡೊಮೇನಿನದ್ದಲ್ಲ, ಆ ಸರ್ವರಿನದ್ದೇ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಸಂಪರ್ಕ ಕಡಿದು ಮೂರು ಸಲ ಜೋಡಿಸಿದೆವು, ಮೂರು ಸಲವೂ ಕೇಳದೆ ಒಳಗೆ ಬಿಟ್ಟಿತು. ನಂತರ ಅದೇ ನಿಯಮವನ್ನು ಡೊಮೇನಿನಿಂದಲೇ ಎಲ್ಲ ಕಂಪ್ಯೂಟರುಗಳಿಗೆ ಹೋಗುವಂತೆ ಮಾಡಿದೆ. ಡೊಮೇನಿನ ನಿಯಮ ತಾನಾಗಿ ತಲುಪಲು ಸುಮಾರು ಒಂದೂವರೆಯಿಂದ ಎರಡು ಗಂಟೆ ಬೇಕಾಗುವುದರಿಂದ ಉಳಿದವರಿಗೆ ಊಟದ ನಂತರ ನೋಡಿ ಎಂದೆ.

ಪಟ್ಟಿಯಲ್ಲಿ ವಿಳಾಸದ ಜಾಗಕ್ಕೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಜಗತ್ತಿನ ಎಲ್ಲ ಸರ್ವರಿಗೂ ಅನುಮತಿ ಸಿಕ್ಕಿತು, ಮುಂದೆ ತಲೆನೋವಿಲ್ಲ. ಈ ಸಲಹೆಯೇ ಎಲ್ಲೆಡೆ ಚಾಲ್ತಿಯಲ್ಲಿರುವುದು, ನನ್ನ ಜೊತೆ ಕೆಲಸ ಮಾಡುವ ಗೆಳೆಯನೂ ಅದನ್ನೇ ಹೇಳಿದ. ನಾನು ಒಪ್ಪಲಿಲ್ಲ. ಆ ತಡೆ ಇರುವುದೇ ಗುರುತಿಲ್ಲದ ಯಂತ್ರಕ್ಕೆ ಪಾಸ್‌ವರ್ಡ್ ಹೋಗಬಾರದೆಂದು. ಮೂರು ಸರ್ವರಿಗಾಗಿ ಅದನ್ನು ಇಡೀ ಕಿತ್ತು ಹಾಕುವ ಅಗತ್ಯವಿಲ್ಲ, ವಿಪಿಎನ್ನಿನ ಒಳಗಿರುವ ಮೂರು ವಿಳಾಸಗಳನ್ನು ಹೆಸರಿಸಿದರೆ ಸಾಕು. ಪ್ರಮಾಣಪತ್ರದ ದಾರಿ ಇದಕ್ಕಿಂತ ಶುದ್ಧ ಎಂಬುದನ್ನು ಬಲ್ಲೆ. ಆದರೆ ಸರ್ವರ್ ತಾನೇ ಬರೆದುಕೊಳ್ಳುವ ಪ್ರಮಾಣಪತ್ರದ ಆಯುಸ್ಸು ಆರು ತಿಂಗಳು. ಅದನ್ನು ನಮ್ಮ ಕಂಪ್ಯೂಟರುಗಳಿಗೆ ತಂದು ನಂಬಿಸಿದರೆ ಆರು ತಿಂಗಳಿಗೊಮ್ಮೆ ಇದೇ ಕಥೆ ಮರುಕಳಿಸುತ್ತದೆ. ದೀರ್ಘಾವಧಿಯ ಪ್ರಮಾಣಪತ್ರವನ್ನು ವ್ಯಾಪಾರಿಗಳ ಸರ್ವರಿನಲ್ಲಿ ಹಾಕಿಸಬೇಕೆಂದರೆ ಅವರ ಒಪ್ಪಿಗೆ, ಅವರ ತಂತ್ರಜ್ಞರ ಸಮಯ ಎರಡೂ ಬೇಕು. 11ನೇ ತಾರೀಕಿನ ಮುಂಚೆ ಅದು ಆಗುವ ಮಾತಲ್ಲ.

ಸಂಜೆಯ ಹೊತ್ತಿಗೆ ಬದಿಯಡ್ಕದ ಸಂಪರ್ಕ ಎಲ್ಲರಿಗೂ ಸರಿಯಾಯಿತು. ಉಪ್ಪಳದ್ದು ಮಾತ್ರ ಇನ್ನೂ ಕೇಳುತ್ತಿತ್ತು, ಅದೂ ಯಾವ ಸಂದೇಶವಿಲ್ಲದೆ. ಅದರ ಆರ್‌ಡಿಪಿ ಕಡತ ಉಪ್ಪಳದ ಅಂಗಡಿಯ ತಂತ್ರಾಂಶ ನೋಡಿಕೊಳ್ಳುವವರು ಹಿಂದೆಂದೋ ಕೊಟ್ಟಿದ್ದು. ಇಷ್ಟು ದಿನ ಯಾರೂ ಅದನ್ನು ಬಳಸಿರಲಿಲ್ಲ, ಭಾನುವಾರದ ನಂತರ ಹಳೆಯ ಕಡತ ಕಾಣದೆ ಇದನ್ನು ಹುಡುಕಿ ತೆಗೆದಿದ್ದರು. ನೋಟ್‌ಪ್ಯಾಡಿನಲ್ಲಿ ತೆರೆದಾಗ, ವಿವರ ಉಳಿಸಿಟ್ಟಿದ್ದರೂ ಪ್ರತಿಸಲ ಕೇಳು ಎಂಬ ಸಾಲಿನ ಕೊನೆಯಲ್ಲಿ 1 ಎಂದಿತ್ತು. ಅದನ್ನು 0 ಮಾಡಿದೆ. ಅಷ್ಟೇ.

ಮಂಗಳೂರು ಬದಿಯ ಗೋದಾಮಿನದ್ದು ಇನ್ನೊಂದು ಬಗೆ. ಅಲ್ಲಿಗೆ ಸಂಪರ್ಕಿಸುವಾಗ ನಮ್ಮ ಕಂಪ್ಯೂಟರ್ ಪಾಸ್‌ವರ್ಡ್ ಕೇಳುವುದಿಲ್ಲ, ಸಂಪರ್ಕವೂ ಆಗುತ್ತದೆ, ಆದರೆ ತೆರೆದ ದೂರದ ಪರದೆಯಲ್ಲಿ ಆ ಸರ್ವರಿನ ಲಾಗಿನ್ ಪುಟ ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ಕೇಳುವ ಕಿಟಕಿ ಸಂಪರ್ಕದ ಮೊದಲು ಬಂತೇ, ನಂತರ ಬಂತೇ ಎಂಬುದನ್ನು ಸಿಬ್ಬಂದಿ ಗಮನಿಸಿ ಹೇಳಿದರೆ ತಂತ್ರಜ್ಞನ ಅರ್ಧ ಕೆಲಸ ಮುಗಿಯುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ಮೊದಲು ಬಂದರೆ ತಡೆ ನಮ್ಮ ಬದಿಯದ್ದಿರಬೇಕು, ನಂತರ ಬಂದರೆ ಸರ್ವರಿನ ಬದಿಯದ್ದು. ಸಂಪರ್ಕವಾದ ಮೇಲೂ ಯಾವಾಗಲೂ ಪಾಸ್‌ವರ್ಡ್ ಕೇಳು ಎಂಬ ನಿಯಮವನ್ನು ಆ ಸರ್ವರಿನಲ್ಲಿ ಬೇಕೆಂದೇ ಹಾಕಿದ್ದರು. ಅವರ ತಂತ್ರಜ್ಞರಿಗೆ ಫೋನ್ ಮಾಡಿದಾಗ, ಹಲವು ಜನ ಒಂದೇ ಕಂಪ್ಯೂಟರಿನಲ್ಲಿ ಕೂರುವ ಕಚೇರಿಗಳೂ ತಮ್ಮ ಸರ್ವರಿಗೆ ಬರುವುದರಿಂದ ಅದನ್ನು ತೆಗೆಯಲಾಗದು ಎಂದರು. ಅವರ ಮಾತು ನ್ಯಾಯವಾಗಿತ್ತು, ಒತ್ತಾಯಿಸಲಿಲ್ಲ.

‘ಹಾಗಾದರೆ ಗೋದಾಮಿನದ್ದು ಮೊದಲೂ ಕೇಳ್ತಾ ಇತ್ತಲ್ಲ, ಅದನ್ನೂ ನೀವು ಈಗ ಹಾಳು ಮಾಡಿದ್ದಂತ ನಾನು ಗ್ರಹಿಸಿದ್ದು’ ಎಂದು ಅಕ್ಕ ನಕ್ಕರು. ಆ ಎರಡು ದಿನ ಹುಡುಗರು ಮೂರೂ ಸರ್ವರಿನ ಪಾಸ್‌ವರ್ಡುಗಳನ್ನು ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿಗಳನ್ನು ಅವರೇ ಒಂದೊಂದಾಗಿ ಕಿತ್ತು ಹರಿದರು. ಅದರಲ್ಲಿದ್ದ ಮೂರನ್ನೂ ಆ ವಾರದಲ್ಲಿಯೇ ಬದಲಾಯಿಸಿಕೊಡಬೇಕೆಂದು ವ್ಯಾಪಾರಿಗಳಿಗೆ ತಿಳಿಸಿದೆವು. ಕಚೇರಿಯ ಯಂತ್ರಗಳ ವಿವರ ಬರೆದಿಡುವ ನನ್ನ ಪುಸ್ತಕದಲ್ಲಿ ಡೊಮೇನಿನ ಪುಟಕ್ಕೆ ಒಂದು ಸಾಲು ಸೇರಿದೆ: ವ್ಯಾಪಾರಿಗಳ ಸರ್ವರಿನ ವಿಳಾಸ ಬದಲಾದರೆ ಪಟ್ಟಿಯಲ್ಲೂ ಬದಲಿಸಬೇಕು. ಬದಿಯಡ್ಕದವರು ಹೊಸ ರೌಟರ್ ಹಾಕಿಸುವ ಮಾತಾಡುತ್ತಿದ್ದಾರೆ.